ಗಾವ್ರಿಲನ ಹಿತ್ತಾಳೆ ಹಿಡಿಕೆ

“ಆ ಒಂದು ಮಾತು ಹೇಳಿಬಿಡೋ ಮುದುಕ! ನಿನ್ನ ನಾಲಿಗೆ ಏನು ಸವೆದು ಹೋಗುತ್ತಾ?” ಎಂದು ಸಾಂದು ಕಿರುಚಿದ.

“ಹೇಳಲ್ಲ ಕಣೋ. ಏನು ಕಿತ್ಕೋತೀಯೋ ಕಿತ್ಕೋ,” ಎಂದ ಓನುಫ್ರೆ ಅಜ್ಜ.

ಎಂಜಿನ್ ಶೆಡ್ಡಿನ ತಗಡಿನ ಮೇಲೆ ಮಳೆ ಬಡಿಯುತ್ತಿತ್ತು. ಮಧ್ಯಾಹ್ನ ಮೂರಕ್ಕೆ ಕೋರ್ಬು ಕಣಿವೆಗೆ ನಮ್ಮ ಪುಟ್ಟ ರೈಲು ಹೊರಡಬೇಕು. ನಲವತ್ತು ಜನ ಟಿಕೆಟ್ ಹಿಡಿದು ಶೆಡ್ಡಿನೊಳಗೆ ನಿಂತಿದ್ದಾರೆ, ಅಂಗಳದಲ್ಲಿ ಎಂಜಿನ್ ಹಬೆ ಕಟ್ಟಿಕೊಂಡು ನಿಂತಿದೆ, ಡ್ರೈವರ್ ಮಾತ್ರ ಹತ್ತುವುದಿಲ್ಲ ಅನ್ನುತ್ತಾನೆ. ಈ ಸಾಂದು ಪಟ್ಟಣದಲ್ಲಿ ದೊಡ್ಡ ಡೀಸೆಲ್ ಎಂಜಿನ್ ಓಡಿಸಿ ಬಂದವನು. ಇಷ್ಟು ದಿನ ರೈಲು ಓಡಿಸುತ್ತಿದ್ದ ಅಜ್ಜನ ಕಣ್ಣಿಗೆ ಪೊರೆ ಬಂದಿದೆಯೆಂದು ಇವನನ್ನು ಕರೆಸಿ ಎರಡು ದಿನವಾಗಿತ್ತು. ಬೆಳಿಗ್ಗೆ ಅಂಗಳದಲ್ಲಿ ಓಡಿಸಿ ನೋಡುವಾಗ ಎಂಜಿನ್ನಿನ ಹಿಡಿಕೆ ತಾನೇ ಅವನ ಕೈಯನ್ನು ತಳ್ಳಿತಂತೆ.

ಟಿಕೆಟ್ ಹರಿದುಕೊಟ್ಟವನು ನಾನು. ಜನ ಹರಿದು ತಿನ್ನುವುದೂ ನನ್ನನ್ನೇ. “ಅದೇನು ಅಂತ ಇವರಿಗಾದರೂ ಹೇಳಜ್ಜ, ಹೊತ್ತು ಹೋಗಲಿ,” ಅಂದೆ. ಅಜ್ಜ ಸೌದೆ ರಾಶಿಯ ಮೇಲೆ ಕೂತ. ಜನ ಸುತ್ತ ನೆರೆದರು.

“ಕೇಳಿ... ಗಾವ್ರಿಲ ಅಂತ ಒಬ್ಬ ಡ್ರೈವರ್ ಇದ್ದ. ಸತ್ತು ಇಪ್ಪತ್ತಮೂರು ವರ್ಷ ಆಯ್ತು, ಅವನ ಪೊಗರು ಇನ್ನೂ ಸತ್ತಿಲ್ಲ. ಈ ಎಂಜಿನ್ ತನ್ನ ಅಪ್ಪನ ಆಸ್ತಿ ಅಂದ್ಕೊಂಡಿದ್ದ. ಬೇರೆಯೋರು ಮುಟ್ಟಬಾರದು ಅಂತ ದಿನಾ ಸಂಜೆ, ರೈಲು ಹೊರಡಿಸೋಕೆ ಹಬೆ ಬಿಡೋ ಹಿತ್ತಾಳೆ ಹಿಡಿಕೆನ ಬಿಚ್ಚಿ, ಕಂಕುಳಲ್ಲಿ ಇಟ್ಕೊಂಡು ಮನೆಗೆ ಹೋಗೋನು. ಹಾಸಿಗೇಲಿ ಇಬ್ಬರ ಮಧ್ಯೆ ಅದನ್ನ ಮಲಗಿಸ್ತಿದ್ದ ಅಂತ ಅವನ ಹೆಂಡ್ತಿ ತುದೋಸಿಯಾನೇ ಹೇಳ್ತಾಳೆ! ನನ್ನ ಮದುವೆ ದಿನ ಏನು ಮಾಡ್ದ ಗೊತ್ತಾ? ಚರ್ಚಿಂದ ಬಂದು ಹಳಿ ದಾಟೋಕೆ ನಿಂತಿದ್ವಿ, ನಾನು ಬಿಳೀ ಕುರಿದೊಗಲಿನ ಅಂಗಿ, ಅವಳು ಹಾಲಿನಂಥ ಲಂಗ... ಬೇಕಂತಲೇ ಪಕ್ಕಕ್ಕೆ ತಂದು ನಿಲ್ಲಿಸಿ ಎಣ್ಣೆ ಕಲೆತ ಹಬೆನ ಬುಸ್ ಅಂತ ಬಿಟ್ಟ! ಕರೀ ಬಟ್ಟೇಲಿರೋ ನಮ್ಮ ಮದುವೆ ಫೋಟೋ ನೋಡಿದೋರು ಇವತ್ತಿಗೂ ಯಾರ ಸಾವಿಂದು ಅಂತ ಕೇಳ್ತಾರೆ.

“ಅವನು ಸತ್ತ. ಮರ ಸಾಗಿಸೋ ರೈಲೂ ನಿಂತಿತು. ತುರಚೆ ಗಿಡದೊಳಗೆ ಹನ್ನೆರಡು ವರ್ಷ ಕೊಳೀತಿದ್ದ ಎಂಜಿನ್ನ ನಾವು ಆರು ಜನ ಎಳ್ಕೊಂಡು ಬಂದು, ಬಾಯ್ಲರಿನ ಕೊಳವೆ ಒಂದೊಂದೇ ಕಿತ್ತು ಹೊಸದು ಹಾಕಿ, ನೀರು ತುಂಬಿ ಒತ್ತಡ ಕೊಟ್ಟು, ಸೋರಿದ ಕಡೆ ಮತ್ತೆ ಕಿತ್ತು... ಏಳು ವರ್ಷ ಸ್ವಾಮೀ! ಎಲ್ಲ ಆಯ್ತು, ಹಿಡಿಕೆ ಇಲ್ಲ. ಹೊಸದು ಮಾಡಿಸಿದ್ವಿ, ಕಚ್ಚಲಿಲ್ಲ. ಕೊನೆಗೆ ಗಂಡನ ತಿಥಿ ದಿನ ತುದೋಸಿಯ ಜಡೆ ಥರ ಹೆಣೆದು ಸುಟ್ಟ ರೊಟ್ಟಿ, ಮೇಣದ ಬತ್ತಿ ಜೊತೆ ಹಿಡಿಕೆನೂ ಟವೆಲಲ್ಲಿ ಸುತ್ತಿ, ‘ಇದು ಗಾವ್ರಿಲನ ಆತ್ಮಕ್ಕೆ’ ಅಂತ ನನ್ನ ಕೈಗಿಟ್ಟಳು. ತಗೊಂಡೋನು ಏನನ್ನಬೇಕು? ‘ದೇವರು ಅವನನ್ನ ಕ್ಷಮಿಸಲಿ’ ಅನ್ನಬೇಕು. ಅಂದ್ರೆ ಕೊಟ್ಟಿದ್ದು ಆಚೆ ಲೋಕದಲ್ಲಿ ಅವನಿಗೆ ಸೇರುತ್ತೆ, ಅವನೂ ತೆಪ್ಪಗೆ ಅಲ್ಲೇ ಬಿದ್ದಿರ್ತಾನೆ. ಅನ್ನದಿದ್ರೆ... ಹುಡುಕ್ಕೊಂಡು ಬರ್ತಾನೆ. ನನಗೆ ಮದುವೆ ಬಟ್ಟೆ ನೆನಪಾಯ್ತು. ಆ ಮಾತು ನಾನು ಅನ್ನಲಿಲ್ಲ. ‘ಅಂತೂ ಕೊಟ್ಟೆಯಲ್ಲ ಮಹಾತಾಯಿ’ ಅಂದು ರೊಟ್ಟಿ ಮುರ್ಕೊಂಡು ತಿಂದೆ.

“ಬಾಯ್ಲರ್ ಪರೀಕ್ಷೆಗೆ ಸಾಹೇಬರು ಬಂದ್ರು. ಹಿಡಿಕೆ ಎಳೆದೆ, ಅಲ್ಲಾಡಲಿಲ್ಲ. ಕೈ ಬಿಟ್ಟೆ... ತಾನೇ ಎದ್ದಿತು! ಪಕ್ಕೆಗೆ ಯಾರೋ ಮೊಣಕೈಲಿ ತಿವಿದು ನನ್ನನ್ನ ಆಸನದಿಂದ ಆಚೆ ದಬ್ಬಿದ ಹಾಗಾಯ್ತು. ರೈಲು ತಾನೇ ಹೊರಟು, ಹಳಿ ಪಕ್ಕದ ತುದೋಸಿಯಳ ಮನೆ ಗೇಟಿಗೆ ಸರಿಯಾಗಿ ನಿಂತು ಎರಡು ಸಲ ಕೂಗ್ತು. ಆಯಮ್ಮ ಗಂಡ ಇದ್ದಾಗಿನ ಅಭ್ಯಾಸಕ್ಕೆ ರೊಟ್ಟಿ, ಹಂದಿ ಕೊಬ್ಬು, ಈರುಳ್ಳಿ ಹಿಡ್ಕೊಂಡು ಓಡಿ ಬಂದು, ‘ನಿಂಗಿನ್ನೂ ಬುದ್ಧಿ ಬಂದಿಲ್ವಾ?’ ಅಂತ ಬೈದಳು. ನನಗಲ್ಲ... ಆ ಖಾಲಿ ಆಸನಕ್ಕೆ! ಮುಂದೆ ಹಳಿ ದಾಟೋ ಕಡೆ ಸಾಹೇಬರು ಬಿಳೀ ಅಂಗೀಲಿ ಇಳಿದು ನಿಂತ್ರೆ, ಅವರ ಮೇಲೂ ಬುಸ್! ಪಾಪ, ಮುಖ ಒರೆಸ್ಕೊಂಡು ‘ಹಬೆ ಚೆನ್ನಾಗಿದೆ’ ಅಂತ ಬರ್ಕೊಟ್ರು.”

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಸಾಂದು ನಗಲಿಲ್ಲ. “ಅದಕ್ಕೇ ಹೇಳ್ತಿರೋದು! ಈಗಲಾದರೂ ಕ್ಷಮಿಸಲಿ ಅನ್ನು, ಅವನು ತೊಲಗಲಿ. ಅವನಿರೋ ತನಕ ನಾನು ಹತ್ತಲ್ಲ.”

“ತೊಲಗಲಿ ಅಂತೀಯಾ?” ಅಜ್ಜನ ದನಿ ತಗ್ಗಿತು. “ಮೊದಮೊದಲು ಸಿಟ್ಟಿಗೆ ಅನ್ನಲಿಲ್ಲ ಕಣೋ. ಆಮೇಲೆ... ಹೋದ ವರ್ಷ ಮಂಜಲ್ಲಿ ಮೂರನೇ ತಿರುವಿನಾಚೆ ದೇವದಾರು ಮರ ಬಿದ್ದಿತ್ತು. ಡಬ್ಬಿ ತುಂಬ ಮಕ್ಕಳು. ತಿರುವಿಗೆ ಮುಂಚೆನೇ ಬ್ರೇಕು ಬಿತ್ತು. ಹಾಕಿದ್ದು ನಾನಾ? ಇಲ್ಲಿ ನಿಂತಿದೀರಲ್ಲ, ನಿಮ್ಮ ಮುಖಾನೇ ನನಗೆ ಬಿಳೀ ಮಸುಕು. ಕಣ್ಣು ಹೀಗಾಗಿ ಮೂರು ವರ್ಷ ಆಯ್ತು... ಹಾಗಾದ್ರೆ ಈ ಮೂರು ವರ್ಷ ರೈಲು ಓಡಿಸಿದ್ದು ಯಾರು?”

ಸಾಂದು ಕೈಗವಸು ಕಳಚಿ ಸೌದೆಯ ಮೇಲೆ ಎಸೆದು ಮಳೆಯಲ್ಲೇ ಹೊರಗೆ ನಡೆದ. ಕೂಗಿದೆ, ತಿರುಗಿ ನೋಡಲಿಲ್ಲ. ಆ ದಿನವಿರಲಿ, ಆಮೇಲೆಂದೂ ಅವನು ಬರಲಿಲ್ಲ.

ಜನ ಮುದುಕನ ತಮಾಷೆಯೆಂದು ಒಬ್ಬರನ್ನೊಬ್ಬರು ನೋಡಿ ನಕ್ಕು ಡಬ್ಬಿ ಹತ್ತಿದರು. ಮೂರಕ್ಕೆ ಸರಿಯಾಗಿ ರೈಲು ಹೊರಟಿತು.

ಓನುಫ್ರೆ ಅಜ್ಜ ಇನ್ನೂ ಸೌದೆ ರಾಶಿಯ ಮೇಲೇ ಕೂತಿದ್ದ.