ಕಟ್ಟದೆ ಬಿಟ್ಟ ಜಾಗ

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿರುವ ಸಾಹೇಬರ ಪತ್ನಿ, ನಮ್ಮೆಲ್ಲರ ಅತ್ತಿಗೆಗೆ, ಅವರ ಮಗಳಿಗೆ, ವೇದಿಕೆ ಮೇಲಿರುವ ನಿರ್ದೇಶಕರಿಗೆ, ನಮ್ಮ ಪಕ್ಷಿಧಾಮದ ಎಲ್ಲ ಸಿಬ್ಬಂದಿಗೆ ನಮಸ್ಕಾರ. ನನಗೆ ಭಾಷಣ ಬರುವುದಿಲ್ಲ. ನಾನು ವಾರ್ಡನ್. ಕಳೆದ ವಾರ ನಮ್ಮನ್ನಗಲಿದ ಆರ್ಕಿಟೆಕ್ಟ್ ಜೊತೆ ಇಪ್ಪತ್ತೆರಡು ವರ್ಷ ಜಗಳವಾಡಿದವನು. ಅದನ್ನೇ ಹೇಳುತ್ತೇನೆ.

ಧಾಮದ ಕಟ್ಟಡಗಳ ನಕ್ಷೆಯೆಲ್ಲ ಅವರದೇ. ಆದರೆ ನಾವು ಕರೆಯುತ್ತಿದ್ದದ್ದು — ನಗ್ತಿದ್ದೀರಲ್ಲ, ನಿಮಗೂ ಗೊತ್ತು — 'ರಬ್ಬರ್ ಸಾಹೇಬ್ರು' ಅಂತ. ಬರೆದದ್ದಕ್ಕಿಂತ ಅಳಿಸಿದ್ದೇ ಹೆಚ್ಚು.

ಬಂದ ಮೊದಲ ವಾರವೇ ಕೇಳಿದರು, "ಜನ ಗೂಡಿನ ಹತ್ರ ಯಾಕೆ ಹೋಗ್ತಾರೆ?"

"ಬೋರ್ಡ್ ಹಾಕಿದ್ದೀವಿ ಸಾರ್, ಯಾರೂ ಓದಲ್ಲ."

"ಬೋರ್ಡ್ ಇರ್ಲಿ. ಶೌಚಾಲಯ ಎಲ್ಲಿದೆ?"

"ಕೆರೆ ಪಕ್ಕ, ಗೂಡಿನ ಮರಗಳ ಹತ್ರಾನೇ."

"ಮತ್ತೆ? ಕರೆದಿದ್ದು ನೀವೇ ಅಲ್ವೇನ್ರೀ!"

ಶೌಚಾಲಯ, ಕುಡಿಯುವ ನೀರು, ನೆರಳಿನ ಬೆಂಚು — ಮೂರನ್ನೂ ಗೇಟಿನ ಕಡೆಗೆ ತಂದರು. ಅಷ್ಟೇ. ಜನ ತಾವಾಗಿ ಆ ಕಡೆ ತಿರುಗಿದರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ನನ್ನ ಸೀಟಿ ಜೇಬಿನಲ್ಲೇ ತುಕ್ಕು ಹಿಡಿಯಿತು.

ಇನ್ನು ನನ್ನ ತಪ್ಪು. ಅದನ್ನು ಇಲ್ಲಿ ಹೇಳಲೇಬೇಕು. ಅವರು ಮೂರು ತಿಂಗಳು ರಜೆಯಲ್ಲಿದ್ದಾಗ ನಾನು ಹಟ ಹಿಡಿದು, ಅವರು ಬೇಡವೆಂದಿದ್ದ ಕೆರೆಯಂಚಿನಲ್ಲೇ, ಕಬ್ಬಿಣದ ವೀಕ್ಷಣಾ ಗೋಪುರ ನಿಲ್ಲಿಸಿದೆ. ಮೇಲಿನಿಂದ ನೋಟ ಬಹಳ ಚೆಂದ. ನೋಡಲು ಹಕ್ಕಿ ಮಾತ್ರ ಇಲ್ಲ. ಆ ವರ್ಷ ಕೊಕ್ಕರೆಗಳು ಬಂದವು, ಸುತ್ತು ಹಾಕಿದವು — ಹೋದವು.

ರಜೆ ಮುಗಿಸಿ ಬಂದವರು ಗೋಪುರ ನೋಡಿದರು. ಬೈಗುಳಕ್ಕೆ ಕಾಯುತ್ತ ತಲೆ ತಗ್ಗಿಸಿ ನಿಂತಿದ್ದೆ. "ಸ್ಪ್ಯಾನರ್ ಇದೆಯಾ?" ಅಂದರು. ಇಬ್ಬರೂ ಸೇರಿ ಹನ್ನೊಂದು ದಿನ ಬಿಚ್ಚಿದೆವು. ಹಕ್ಕಿಗಳು ಮತ್ತೆ ಗೂಡು ಕಟ್ಟಲು ಮೂರು ವರ್ಷ ಬೇಕಾಯಿತು. ಆ ಮೂರು ವರ್ಷದಲ್ಲಿ ಒಮ್ಮೆಯೂ, 'ನಾನು ಹೇಳಿರಲಿಲ್ವಾ' ಅನ್ನಲಿಲ್ಲ. ಅಂದಿದ್ದರೆ ನನ್ನ ಮನಸ್ಸು ಹಗುರಾಗುತ್ತಿತ್ತು.

ನಿರ್ದೇಶಕರೇ, ತಪ್ಪು ತಿಳಿಯಬೇಡಿ. ನಿಮ್ಮ ಕೈಲಿರುವ ಕಾಗದದಲ್ಲಿ ಏನಿದೆಯೆಂದು ನಮಗೆಲ್ಲ ಗೊತ್ತು — ಅದೇ ಕೆರೆಯಂಚಿನಲ್ಲಿ, ಅವರ ಹೆಸರಿನಲ್ಲಿ, ಸ್ಮಾರಕ ಗೋಪುರ. ಪ್ರೀತಿಯಿಂದಲೇ ಬರೆದಿದ್ದೀರಿ. ಆದರೆ ಮೊನ್ನೆ ಅತ್ತಿಗೆ ನನ್ನನ್ನು ಕೇಳಿದರು, "ಅಲ್ಲಪ್ಪಾ, ಅವರು ಬಿಚ್ಚಿ ಹಾಕಿದ್ದನ್ನೇ ಅವರ ಹೆಸರಲ್ಲಿ ಕಟ್ತೀರಾ?"

ದಯವಿಟ್ಟು ಆ ಕಾಗದವನ್ನು ಇವತ್ತು ಓದಬೇಡಿ. ನಾಳೆಯೂ ಬೇಡ. ಆ ಜಾಗ ಖಾಲಿ ಇದೆಯಲ್ಲ, ಅವರು ಮಾಡಿದ ಕೆಲಸ ಅದು. ಅದನ್ನು ಕೆಡವಬೇಡಿ.

ಈಗ ಎಲ್ಲರೂ ಎದ್ದು ಎರಡು ನಿಮಿಷ ಮೌನವಾಗಿ ನಿಲ್ಲೋಣ. ಒಂದೇ ವಿನಂತಿ — ಕುರ್ಚಿ ಎಳೆಯಬೇಡಿ. ನಮ್ಮ ವೀಕ್ಷಣಾ ಕೊಠಡಿಯ ಕುರ್ಚಿ ಕಾಲುಗಳಿಗೆಲ್ಲ ಸದ್ದಾಗದಂತೆ ಅವರೇ ಕೂತು ಹಳೆಯ ಸೈಕಲ್ ಟ್ಯೂಬ್ ಕತ್ತರಿಸಿ ಕಟ್ಟಿದ್ದರು. ಈ ಹಾಲ್‌ನ ಕುರ್ಚಿಗಳಿಗೆ ಅದಿಲ್ಲ. ಎತ್ತಿ ಹಿಂದಕ್ಕಿಡಿ. ಎದುರಿನ ಮರದಲ್ಲಿ ಹಕ್ಕಿ ಕಾವಿಗೆ ಕೂತಿದೆ ಅಂದುಕೊಂಡು — ನಿಧಾನವಾಗಿ ಎದ್ದೇಳಿ.