ಒಂದು ಎಸಳು ಕರಿಬೇವಿಗೆ ಒಂದು ಸೇರು ಬದನೆ

ಕೂತಿರಾ? ಹಿಂದಿನ ಸಾಲಿಗೆ ನನ್ನ ಮಾತು ಮುಟ್ಟುತ್ತಿದೆಯೆ? ಹಾಗಾದರೆ ಕೇಳಿ.

ಒಂದು ಸೀಮೆಯಿತ್ತು. ಹೆಸರು ಕೇಳಬೇಡಿ; ಹೇಳಿದರೆ ಅಲ್ಲಿಯವರು ಅದು ನಮ್ಮದಲ್ಲವೆಂದು ಜಗಳಕ್ಕೆ ಬರುತ್ತಾರೆ. ಆ ಸೀಮೆಗೊಬ್ಬ ದೊರೆ, ದೊರೆಗೊಂದು ಪೇಟೆ, ಪೇಟೆಗೊಂದು ಗುರುವಾರದ ಸಂತೆ. ಸುತ್ತಲಿನ ಏಳು ಹಳ್ಳಿಯ ತೋಟದವರು ಇಬ್ಬನಿ ಆರುವ ಮೊದಲೇ ಕೊಯ್ದದ್ದನ್ನು ಹೊತ್ತು ತಂದು, ಗೋಣಿತಾಟು ಹಾಸಿ, ತಾವೇ ಕೂತು, ತಾವೇ ಕೂಗಿ, ತಾವೇ ಮಾರುತ್ತಿದ್ದರು.

ಆ ಸಂತೆಗೊಂದು ಪದ್ಧತಿ. ತಕ್ಕಡಿ ಕೆಳಗಿಳಿದ ಮೇಲೂ ಕೊಳ್ಳುವವರು ಚೀಲದ ಬಾಯಿ ಮುಚ್ಚುವುದಿಲ್ಲ. "ಕೊಸರು?" ಎನ್ನುತ್ತಾರೆ. ಮಾರುವವರು ಗೊಣಗಿಕೊಂಡೇ ಇನ್ನೊಂದು ಹಿಡಿ ಮೇಲೆ ಹಾಕುತ್ತಾರೆ. ಅದಕ್ಕೆ ಬೆಲೆಯಿಲ್ಲ. ಕೊಟ್ಟವರು ಲೆಕ್ಕ ಇಡುವುದಿಲ್ಲ, ಪಡೆದವರು ಋಣ ಇಟ್ಟುಕೊಳ್ಳುವುದಿಲ್ಲ. ಇನ್ನು ಕರಿಬೇವು? ಅದನ್ನು ಆ ಸಂತೆಯಲ್ಲಿ ಮಾರಿದವರೇ ಇಲ್ಲ. ಅದು ಹುಟ್ಟಿದ್ದೇ ಕೊಸರಾಗಿ.

ಕೆರೆಯ ಹಿಂದಿನ ತುಂಡು ತೋಟದಲ್ಲಿ ಸಣ್ಣೀರಮ್ಮ ಎಂಬಾಕೆ ಬದನೆ ಬೆಳೆಯುತ್ತಿದ್ದಳು. ಬೆರಳುದ್ದದ ಎಳೆಯ ಬದನೆ. ಎಣ್ಣೆಗಾಯಿ ಮಾಡಿದರೆ ಬೀಗರ ಮುನಿಸು ಇಳಿಯಬೇಕು, ಅಂಥದ್ದು. ಬದನೆಗೊಂದು ಗುಣ: ಅದು ಕಾಯುವುದಿಲ್ಲ. ಕೊಯ್ದ ದಿನ ಮಾರಬೇಕು. ಹಾಗಾಗಿ ಸಣ್ಣೀರಮ್ಮನಿಗೆ ಸಂತೆಯ ಜಾಗವೇ ಬದುಕು.

ಅದೇ ಪೇಟೆಯಲ್ಲಿ ಮಂಡಿ ಗುರುಮಲ್ಲಪ್ಪನಿದ್ದ. ಗುದ್ದಲಿ ಹಿಡಿದವನಲ್ಲ, ಪಾತಿಗೆ ನೀರು ಬಿಟ್ಟವನಲ್ಲ, ಒಂದು ಸಸಿಯ ಹೆಸರು ಬಲ್ಲವನಲ್ಲ. ಇಂಥವರಿಗೆ ತೋಟದ ಮೇಲೆ ಆಸೆ ಬರುವುದಿಲ್ಲ. ತೋಟದವರ ಮೇಲೆ ಬರುತ್ತದೆ. ಒಂದು ದಿನ ಅವನು ಅರಮನೆಗೆ ಹೋದ. ಬರುವಾಗ ದೊರೆಯ ಮುದ್ರೆ ಒತ್ತಿದ ಕಾಗದ ತಂದ. ಪೇಟೆಯಲ್ಲಿ ಡಂಗುರ ಸಾರಿಸಿದ.

"ಬದನೆ, ಬೆಂಡೆ, ಸೋರೆ, ಕುಂಬಳ, ಅವರೆ, ಹೀರೆ, ದಂಟು, ಹರಿವೆ! ಪಟ್ಟಿಯಲ್ಲಿರುವುದನ್ನು ಮಂಡಿಯವರ ಹೊರತು ಇನ್ಯಾರೂ ಮಾರಕೂಡದು!"

ಅರ್ಥವಾಯಿತೆ? ಬೆಳೆದವರು ಮಂಡಿಗೆ ಹಾಕಬೇಕು. ಗುರುಮಲ್ಲಪ್ಪ ಹೇಳಿದ್ದೇ ಬೆಲೆ. ಪೇಟೆಯವರು ಮೂರು ದಿನ ನೀರು ಚಿಮುಕಿಸಿ ಮಲಗಿಸಿದ ಸೊಪ್ಪು ತಿನ್ನಬೇಕು. ಅದಕ್ಕೂ ಅವನು ಹೇಳಿದ್ದೇ ಬೆಲೆ.

ಸಣ್ಣೀರಮ್ಮನ ಪಕ್ಕ ಕೂರುವ ಸೋರೆಕಾಯಿ ಮಾದಯ್ಯ ತಲೆಯ ಮೇಲೆ ಕೈ ಹೊತ್ತ. "ಮುಗೀತು ಕಣಕ್ಕ. ನಾಳೆಯಿಂದ ಅವನ ಬಾಗಿಲಲ್ಲಿ ಸಾಲು ನಿಲ್ಲೋದೇ."

ಸಣ್ಣೀರಮ್ಮ ಡಂಗುರದವನನ್ನು ಕರೆದಳು. "ಅಣ್ಣಾ, ಪಟ್ಟಿ ಇನ್ನೊಂದು ಸಲ ಹೇಳು." ಅವನು ಹೇಳಿದ. "ಇನ್ನೊಂದು ಸಲ." ಹೇಳಿದ. "ಇನ್ನೊಂದೇ ಒಂದು ಸಲ."

"ಏನಮ್ಮಾ, ಕಿವಿ ಮಂದವೆ?"

"ಕಿವಿ ಚೆನ್ನಾಗಿದೆ. ಪಟ್ಟಿ ಬರೆದವನು ಎಂದಾದರೂ ಒಗ್ಗರಣೆ ಹಾಕಿದ್ದಾನೋ ಇಲ್ಲವೋ ಅಂತ ನೋಡ್ತಿದ್ದೆ."

ಮುಂದಿನ ಗುರುವಾರ ಸಣ್ಣೀರಮ್ಮ ಎಂದಿನ ಜಾಗದಲ್ಲೇ ಕೂತಿದ್ದಳು. ಮುಂದೆ ಒಂದು ಕಟ್ಟು ಕರಿಬೇವು. ಹಿಂದೆ ಎರಡು ಬುಟ್ಟಿ ಬದನೆ. "ಬನ್ನಿ, ಕರಿಬೇವು! ಒಂದು ಎಸಳು ಕೊಂಡರೆ ಒಂದು ಸೇರು ಬದನೆ ಕೊಸರು!"

ಎಸಳಿನ ಬೆಲೆ ಎಷ್ಟು ಗೊತ್ತೆ? ಸರಿಯಾಗಿ ಒಂದು ಸೇರು ಬದನೆಯ ಬೆಲೆ. ಪೇಟೆಯ ಹೆಂಗಸರಿಗೆ ಬಿಡಿಸಿ ಹೇಳಬೇಕೆ? ಒಬ್ಬಳು ನಕ್ಕಳು, ಇಬ್ಬರು ನಕ್ಕರು, ಸಂತೆಗೆ ಸಂತೆಯೇ ನಕ್ಕಿತು. ಗಳಿಗೆಯೊಳಗೆ ಮಾದಯ್ಯನೂ ಓಡಿಹೋಗಿ ಕರಿಬೇವು ಮುರಿದು ತಂದ. ಎಸಳಿಗೊಂದು ಸೋರೆಕಾಯಿ. ಮದುವೆಮನೆಯವರು ಹನ್ನೆರಡು ಎಸಳು ಕೊಂಡು, ಗಾಡಿ ತುಂಬ ಕುಂಬಳಕಾಯಿ ಹೇರಿಕೊಂಡು ಹೋದರು.

ಅರಮನೆಯ ತಳವಾರ ಬಂದ. "ಏಯ್, ಬದನೆ ಮಾರ್ತೀಯಾ?"

"ಶಿವಶಿವಾ! ಮಾರೋದು ಕರಿಬೇವು. ಇದು ಕೊಸರು."

"ಕೊಸರಾದರೆ ತಕ್ಕಡಿ ಯಾಕೆ?"

"ಕೊಸರಾದರೇನು, ಒಬ್ಬರಿಗೆ ಹೆಚ್ಚು ಒಬ್ಬರಿಗೆ ಕಡಿಮೆ ಕೊಡೋಕಾಗುತ್ತಾ? ಧರ್ಮ ಬೇಡವಾ?"

ತಳವಾರ ಯೋಚಿಸಿದ. ಅವನ ಹೆಂಡತಿ ಬದನೆ ತರಲು ಹೇಳಿದ್ದಳು. ಎರಡು ಎಸಳು ಕೊಂಡು ಹೋದ.

ಎರಡನೆಯ ಗುರುವಾರ ಗುರುಮಲ್ಲಪ್ಪನೇ ಬಂದ. "ನನಗೆ ಕರಿಬೇವು ಬೇಡ. ಕೊಸರು ಮಾತ್ರ ಹಾಕು."

"ಬರೀ ಕೊಸರು ಹಾಕೋಕೆ ನೀವೇನು ನಮ್ಮನೆ ಅಳಿಯನೇ, ಮಂಡಿ ಅಯ್ಯಾ?"

"ಒಂದು ಎಸಳಿಗೆ ಇಷ್ಟು ಬೆಲೆಯೆ? ಹಗಲು ದರೋಡೆ!"

"ದುಬಾರಿ ಅನ್ನಿಸಿದರೆ ನಿಮ್ಮ ಮಂಡಿಯಲ್ಲೇ ಕೊಳ್ಳಿ. ಅಲ್ಲಿ ಕರಿಬೇವು ಇದೆಯಲ್ಲ? ಇಲ್ಲವಾ? ಅಯ್ಯೋ ಪಾಪ!"

ನಗು ಈ ತುದಿಯಿಂದ ಆ ತುದಿಗೆ ಹೋಗಿ ತಿರುಗಿ ಬಂತು. ಮಂಡಿಯಲ್ಲಿ ಮಾತ್ರ ನೊಣ, ತಕ್ಕಡಿ ಮತ್ತು ಗುಮಾಸ್ತ.

ಮೂರನೆಯ ಗುರುವಾರ ಸಂತೆ ಕೂಡುವ ಹೊತ್ತಿಗೆ ಸಣ್ಣೀರಮ್ಮನಿಗೆ ಅರಮನೆಯಿಂದ ಕರೆ ಬಂತು. ಅವಳ ಹಿಂದೆ ಏಳು ಹಳ್ಳಿಯವರೂ ಬುಟ್ಟಿ ಹೊತ್ತೇ ಹೋದರು. ದೊರೆಯ ಮುಂದೆ ಗುರುಮಲ್ಲಪ್ಪ ಕೈ ಜೋಡಿಸಿ ನಿಂತಿದ್ದ.

"ಬುದ್ಧೀ, ಈ ಕೊಸರು ಎಂಬುದೇ ಮೋಸ. ಇದನ್ನು ಸೀಮೆಯಿಂದಲೇ ತೆಗೆದುಹಾಕಬೇಕು."

"ಅಷ್ಟೇ ತಾನೆ?" ಎಂದ ದೊರೆ. ಅವನಿಗೆ ಊಟದ ಹೊತ್ತಾಗಿತ್ತು. "ಶಾನುಭೋಗರೇ, ಬರೆಯಿರಿ: ಇನ್ನು ಮುಂದೆ ಯಾರೂ ಕೊಸರು ಕೊಡಕೂಡದು."

ಗುರುಮಲ್ಲಪ್ಪ ಜಾಣ. ಕಳೆದೆರಡು ಗುರುವಾರ ಸೋರಿಹೋದ ವ್ಯಾಪಾರದ ನಷ್ಟವನ್ನೂ ಅವನು ತೋಟದವರಿಂದ ವಸೂಲಿ ಮಾಡಬೇಕಿತ್ತು. "ಬುದ್ಧೀ, 'ಹಿಂದೆ ಕೊಟ್ಟದ್ದೂ ರದ್ದು' ಎಂದು ಸೇರಿಸಿದರೆ ಪಕ್ಕಾ ಆಗುತ್ತದೆ."

"ಸೇರಿಸಿ. ಹಿಂದೆ ಕೊಟ್ಟ ಕೊಸರೆಲ್ಲ ರದ್ದು."

ಬುಟ್ಟಿ ಹೊತ್ತವರ ಮುಖ ಬಾಡಿತು. ಮಾದಯ್ಯ ಕಣ್ಣು ಒರೆಸಿಕೊಂಡ. ಸಣ್ಣೀರಮ್ಮ ಒಂದು ಹೆಜ್ಜೆ ಮುಂದೆ ಬಂದಳು.

"ಬರೆಸಿ, ಬುದ್ಧಿ. ಒಂದೇ ಒಂದು ಮಾತು ಕೇಳ್ತೀನಿ. ಮಂಡಿ ಅಯ್ಯನವರು ನಮ್ಮ ಸಂತೆಯನ್ನ ನಿಮ್ಮಿಂದ ಏನು ಕೊಟ್ಟು ಕೊಂಡರು?"

"ಕೊಳ್ಳುವುದೆಲ್ಲಿ ಬಂತು!" ದೊರೆ ನಕ್ಕ. "ಅವನು ಕೊಂಡದ್ದು ಅರಮನೆ ತೋಪಿನ ಹುಣಿಸೆಹಣ್ಣು. ಅಳೆದು ಕೊಟ್ಟದ್ದಾಯಿತು. ಆದರೂ ಹೋಗಲೊಲ್ಲ. 'ಬುದ್ಧೀ, ಮೇಲಿಷ್ಟು ಹಾಕಿ' ಎಂದ. ಹುಣಿಸೆಹಣ್ಣಿನ ಮೇಲೆ ಸಂತೆಯನ್ನು ನಾನು ಕೊಸ..."

ದೊರೆಯ ಬಾಯಿ ನಿಂತಿತು. ಶಾನುಭೋಗರ ಲೇಖಣಿ ನಿಂತಿತು. ಗುರುಮಲ್ಲಪ್ಪನ ಕೈ ಸೊಂಟದಲ್ಲಿ ಸಿಕ್ಕಿಸಿದ್ದ ಕಾಗದಕ್ಕೆ ಹೋಯಿತು.

ಕೇಳಿದಿರಾ? ಏಳು ಹಳ್ಳಿಯ ಬೆವರು, ಒಂದು ಪೇಟೆಯ ಊಟ. ಅದನ್ನು ದೊರೆ ಹುಣಿಸೆಹಣ್ಣಿನ ಮೇಲೆ ಒಂದು ಹಿಡಿ ಎಸೆದಂತೆ ಎಸೆದಿದ್ದ. ತನ್ನದಲ್ಲದ್ದನ್ನು ಕೊಡುವಾಗ ದೊರೆಗಳ ಕೈ ಬಲು ಧಾರಾಳ.

ಸಣ್ಣೀರಮ್ಮ ದನಿ ಎತ್ತಲಿಲ್ಲ. "ಕೊಸರು ರದ್ದಾದರೆ, ಮಂಡಿ ಅಯ್ಯಾ, ನಿಮ್ಮ ಸಂತೆ ಹೋಯಿತು. ಕೊಸರು ಉಳಿದರೆ ನನ್ನ ಬದನೆ ಉಳಿಯಿತು. ಯಾವುದು ಹಾಕಲಿ ಚೀಲಕ್ಕೆ?"

ಮೊದಲು ಮಾದಯ್ಯ ನಕ್ಕ. ಆಮೇಲೆ ಬುಟ್ಟಿ ಹೊತ್ತವರು. ಕೊನೆಗೆ, ಬೇರೆ ದಾರಿ ಕಾಣದೆ, ದೊರೆ.

"ಏನಯ್ಯಾ ಗುರುಮಲ್ಲಪ್ಪ, ಬರೆಸಲೋ, ಬೇಡವೋ?"

ಗುರುಮಲ್ಲಪ್ಪ ಮುದ್ರೆ ಒತ್ತಿದ ಕಾಗದ ನೋಡಿದ. ಸಣ್ಣೀರಮ್ಮನನ್ನು ನೋಡಿದ. ಮತ್ತೆ ಕಾಗದ ನೋಡಿದ. ಅಂಥವರಿಗೆ ಕಾಗದ ಬಿಡಲು ಮನಸ್ಸು ಬರುವುದಿಲ್ಲ.

"ಬೇಡ ಬುದ್ಧಿ," ಎಂದ ಸಣ್ಣಗೆ. "ಕೊಸರು ಇರಲಿ."

ಇತ್ತು. ಇದೆ. ಆ ಸೀಮೆಯಲ್ಲಿ ಬದನೆ, ಬೆಂಡೆ, ಸೋರೆ ಮಾರುವ ಹಕ್ಕು ಇವತ್ತಿಗೂ ಗುರುಮಲ್ಲಪ್ಪನ ಮನೆತನದ್ದೇ; ಕಾಗದ ಪೆಟ್ಟಿಗೆಯಲ್ಲಿ ಭದ್ರವಾಗಿದೆ, ಯಾರೂ ತಕರಾರು ಮಾಡುವುದಿಲ್ಲ. ಗುರುವಾರ ನೀವು ಅಲ್ಲಿಗೆ ಹೋಗಿ "ಬದನೆ ಹೇಗೆ?" ಎಂದು ಕೇಳಿ ನೋಡಿ. ಗೋಣಿತಾಟಿನ ಮೇಲೆ ಕೂತ ಹೆಂಗಸು ನಿಮ್ಮನ್ನು ಅಡಿಯಿಂದ ಮುಡಿಯವರೆಗೆ ನೋಡಿ ಹೇಳುತ್ತಾಳೆ: "ಹೊಸಬರಾ? ನಮ್ಮಲ್ಲಿ ಬದನೆ ಮಾರಲ್ಲ ಸ್ವಾಮಿ. ಎಷ್ಟು ಎಸಳು ಕೊಡಲಿ, ಅದನ್ನ ಹೇಳಿ."

ಅಲ್ಲಿ ಅವರ ಬುಟ್ಟಿ ಬರಿದಾಯಿತು, ಇಲ್ಲಿ ನನ್ನ ಕಥೆ ಬರಿದಾಯಿತು. ಏಳಿ, ಒಲೆ ಹೊತ್ತಿಸಿ.