‘ಆಯ್ತು’ ಎಂದ ಮಾತಿನ ಬಗ್ಗೆ

ಹೆಸರು: ಬಾಲಸುಬ್ರಹ್ಮಣ್ಯ. ವಯಸ್ಸು: 53 ವರ್ಷ. ಉದ್ಯೋಗ: ಪರವಾನಗಿ ಇರುವ ಬಂದೂಕು ವರ್ಕ್‌ಶಾಪ್‌ನಲ್ಲಿ ಹಿರಿಯ ಫಿಟ್ಟರ್, ವೆಲ್ಷ್‌ಪೂಲ್. ವಾಸ: ಹ್ಯಾರಿಸ್‌ಡೇಲ್, ಪರ್ತ್.

ಮೇಲ್ಕಂಡ ನಾನು ಈ ಮೂಲಕ ತಿಳಿಸುವುದೇನೆಂದರೆ, ಜೂನ್ 15ನೇ ತಾರೀಕು ಭಾನುವಾರ ಇದೇ ಠಾಣೆಯಲ್ಲಿ ನಾನು ಇಂಗ್ಲಿಷ್‌ನಲ್ಲಿ ಒಂದು ಹೇಳಿಕೆ ಕೊಟ್ಟಿದ್ದೇನೆ. ಅದರಲ್ಲಿ ಎರಡು ಮಾತು ಸರಿಯಿಲ್ಲ. ಅವುಗಳಿಂದಾಗಿ ನನ್ನ ಸಹೋದ್ಯೋಗಿ ಉತ್ತಮ್, 34 ವರ್ಷ, ಕೆಲಸ ಕಳೆದುಕೊಂಡಿದ್ದಾನೆ. ಕೆಲಸದ ಮೇಲೆಯೇ ಅವನ ವೀಸಾ ನಿಂತಿದೆ. ಅವನ ಮೇಲೆ ಕೇಸು ಹಾಕುವ ಮಾತೂ ನಡೆದಿದೆ. ಅದನ್ನು ಸರಿಪಡಿಸಲು ನಾನಾಗಿಯೇ ಬಂದಿದ್ದೇನೆ. ಈ ಸಲ ಕನ್ನಡದಲ್ಲೇ ಹೇಳುತ್ತೇನೆಂದು ಕೇಳಿಕೊಂಡೆ. ದುಭಾಷಿ ಗಗನಾ ಅವರು ಹೇಳಿದ ಹಾಗೆಯೇ ಬರೆದುಕೊಳ್ಳುತ್ತಿದ್ದಾರೆ.

ವಿಲೆಟನ್ ನಿವಾಸಿ ಸಂಕೇತ್, 41 ವರ್ಷ, ಗಣಿ ಕಂಪನಿಯಲ್ಲಿ ಭೂವಿಜ್ಞಾನಿ, ನನಗೆ ಒಂಬತ್ತು ವರ್ಷದ ಪರಿಚಯ. ಕ್ಲಬ್ಬಿನ ಗುರಿ ಸ್ಪರ್ಧೆಗೆಂದು ಲೈಸೆನ್ಸ್ ಪಡೆದು ಒಂದು ರೈಫಲ್ ಕಟ್ಟಿಸುತ್ತಿದ್ದ. ಬ್ಯಾರಲ್ ಬ್ರಿಸ್ಬೇನ್‌ನ ಅಂಗಡಿಯಿಂದ ಬಂದಿತ್ತು. ಜೂನ್ 11, ಬುಧವಾರ, ನಾನು ಅದನ್ನು, ಗುಂಡಿನ ಹಿಂದೆ ಬಾಗಿಲಿನಂತೆ ಮುಚ್ಚಿಕೊಳ್ಳುವ ಹಳೆಯ ಬೋಲ್ಟ್ ಜೊತೆ ಕೂರಿಸಿ ಮೂರು ಗಂಟೆ ಹೊತ್ತು ಪರೀಕ್ಷಿಸಿದೆ. ಎಲ್ಲವೂ ಸರಿಯಾಗಿತ್ತು. ಆದರೆ ಹಳೆಯ ಬೋಲ್ಟಿನ ಹಿಡಿ ಸಡಿಲವಾಗಿದ್ದರಿಂದ ಸಂಕೇತ್ ಅಡಿಲೇಡ್‌ನಿಂದ ಇನ್ನೊಂದು ಬೋಲ್ಟ್ ತರಿಸಿದ.

ಆ ಬೋಲ್ಟ್ ಜೂನ್ 13, ಶುಕ್ರವಾರ ಮಧ್ಯಾಹ್ನ 2 ಗಂಟೆ 15 ನಿಮಿಷಕ್ಕೆ ಕೊರಿಯರ್‌ನಲ್ಲಿ ಬಂತು. ಅದೇ ಮಾಡೆಲ್, ಹೊಂದುತ್ತದೆ ಎಂದು ಚೀಟಿಯಲ್ಲಿ ಬರೆದಿತ್ತು. ಇಂಥ ಚೀಟಿ ಕಂಡರೆ ನನಗೆ ಮೈ ಉರಿಯುತ್ತದೆ. ಹೊಂದುತ್ತದೋ ಇಲ್ಲವೋ ಎಂದು ಹೇಳಬೇಕಾದದ್ದು ಚೀಟಿಯಲ್ಲ, ಗೇಜ್. ಗೇಜ್ ಎಂದರೆ ಗುಂಡಿನ ಆಕಾರದ ಎರಡು ಉಕ್ಕಿನ ತುಂಡು. ಬೋಲ್ಟ್ ಒಂದರ ಮೇಲೆ ಮುಚ್ಚಬೇಕು, ಇನ್ನೊಂದರ ಮೇಲೆ ಮುಚ್ಚಬಾರದು. ಬೋಲ್ಟ್ ಬದಲಾದರೆ ಈ ಪರೀಕ್ಷೆ ಮೊದಲಿನಿಂದ ಆಗಲೇಬೇಕು. ಕೂದಲೆಳೆಯಷ್ಟು ಅಂತರ ಹೆಚ್ಚಾದರೂ ಗುಂಡಿನ ಕವಚ ಸಿಡಿದು ಹಿಂದಕ್ಕೆ, ಹಾರಿಸುವವನ ಮುಖಕ್ಕೆ ಬರಬಹುದು. ಇದರಲ್ಲಿ ನಾನು ಬಹಳ ಕಟ್ಟುನಿಟ್ಟು. ವರ್ಕ್‌ಶಾಪ್‌ನಲ್ಲಿ ನನ್ನನ್ನು ಮೈಕ್ರಾನ್ ಅಂಕಲ್ ಎಂದು ರೇಗಿಸುತ್ತಾರೆ. ನನಗೆ ಅದು ಒಳಗೊಳಗೇ ಇಷ್ಟವಾಗಿತ್ತು.

ಅಂದು ಮಗಳ ಶಾಲೆಯಲ್ಲಿ ಮೀಟಿಂಗ್ ಇದ್ದುದರಿಂದ 2 ಗಂಟೆ 40ಕ್ಕೆ ಹೊರಟೆ. 3 ಗಂಟೆ 22ಕ್ಕೆ ಶಾಲೆಯ ಕಾರ್ ಪಾರ್ಕಿನಿಂದ ಉತ್ತಮ್‌ಗೆ ಫೋನ್ ಮಾಡಿ, “ಅಡಿಲೇಡ್ ಬೋಲ್ಟ್ ಕೂರ್ಸ್ಬಿಟ್ಟು ಗೇಜ್ ಹಾಕಿ ನೋಡ್ಬಿಡಪ್ಪ” ಎಂದೆ. ಅವನು “ಆಯ್ತು ಅಂಕಲ್” ಎಂದ. ಕರೆ 41 ಸೆಕೆಂಡು. ಕನ್ನಡದಲ್ಲಿ ಸರಿ, ಮಾಡುತ್ತೇನೆ ಎನ್ನುವುದಕ್ಕೂ ಆಯ್ತು ಎನ್ನುತ್ತೇವೆ, ಮುಗಿಯಿತು ಎನ್ನುವುದಕ್ಕೂ ಆಯ್ತು ಎನ್ನುತ್ತೇವೆ. ಅವನು ಹೇಳಿದ್ದು ಮೊದಲನೆಯದು. ಅದರಲ್ಲಿ ನನಗೆ ಆಗಲೂ ಅನುಮಾನ ಇರಲಿಲ್ಲ.

ಜೂನ್ 14, ಶನಿವಾರ ಬೆಳಿಗ್ಗೆ 7 ಗಂಟೆ 10ಕ್ಕೆ ವರ್ಕ್‌ಶಾಪ್ ತೆರೆದೆ. ಉತ್ತಮ್‌ಗೆ ರಜೆ. ರೈಫಲ್ ಸ್ಟ್ಯಾಂಡಿನಲ್ಲಿತ್ತು, ಹೊಸ ಬೋಲ್ಟ್ ಕೂರಿಸಿತ್ತು. ಅದಕ್ಕೆ ಹಸಿರು ಕಾರ್ಡ್ ಕಟ್ಟಿರಲಿಲ್ಲ. ಹಸಿರು ಕಾರ್ಡ್ ಕಟ್ಟುವವನು ನಾನು ಮಾತ್ರ. ಅದಿಲ್ಲದೆ ಯಾವ ಬಂದೂಕೂ ಹೊರಗೆ ಹೋಗುವಂತಿಲ್ಲ. ಹೇಳಿದ್ದೇನಲ್ಲ, ನೋಡಿರುತ್ತಾನೆ ಎಂದುಕೊಂಡು ಕಾರ್ಡಿಗೆ ಸಹಿ ಹಾಕಿ ಕಟ್ಟಿದೆ. ಇನ್ನೊಮ್ಮೆ ಪರೀಕ್ಷಿಸಲು ಹತ್ತು ನಿಮಿಷ ಸಾಕಿತ್ತು.

7 ಗಂಟೆ 25ಕ್ಕೆ ಸಂಕೇತ್ ಬಂದ. “ಅಂಕಲ್, ಎಲ್ಲ ಓಕೆನಾ? ಒಂಬತ್ತಕ್ಕೆ ಶೂಟಿಂಗ್ ರೇಂಜಲ್ಲಿ ಇರ್ಬೇಕು, ದಾರೀಲಿ ಪೆಟ್ರೋಲ್ ಬಂಕಲ್ಲಿ ಕಾಫಿ ಬೇರೆ ತಗೋಬೇಕು” ಎಂದ. ನಾನು ಸೈನ್ ಹಾಕಿದ ಮೇಲೆ ಕೇಳುವುದೇನಿದೆ ಎಂದು ಗದರಿದೆ. ಅವನು ನಕ್ಕು, ರೈಫಲ್ ಪೆಟ್ಟಿಗೆಯಲ್ಲಿಟ್ಟುಕೊಂಡು ಹೋದ.

10 ಗಂಟೆ 5 ನಿಮಿಷಕ್ಕೆ 38 ಕಿಲೋಮೀಟರ್ ದೂರದ ರೇಂಜಿನಿಂದ ಕ್ಲಬ್ ಸದಸ್ಯ ನೈಜೆಲ್ ಫೋನ್ ಮಾಡಿದ. ಮೂರನೇ ಗುಂಡಿಗೆ ಕವಚ ಸಿಡಿಯಿತು, ಕನ್ನಡಕ ಒಡೆದು ಸಂಕೇತ್‌ನ ಬಲಗಣ್ಣಿಗೆ ಚೂರು ಹೊಕ್ಕಿದೆ, ಆಂಬುಲೆನ್ಸ್ ಬಂದಿದೆ ಎಂದು ತಿಳಿಸಿದ. ಉತ್ತಮ್ ಏನು ಮಾಡಿದ್ದಾನೆ ಎಂದು ನೋಡಲು ಗೇಜ್ ಇಡುವ ಡ್ರಾಯರ್ ಹತ್ತಿರ ಹೋದೆ. ಬೀಗ ಹಾಕಿತ್ತು. ಬೀಗದ ಕೈ ನನ್ನ ಪ್ಯಾಂಟಿನ ಜೇಬಿನಲ್ಲಿತ್ತು. ಶುಕ್ರವಾರ ಮೀಟಿಂಗಿಗೆ ಹೊರಟಾಗಿನಿಂದ ಅಲ್ಲೇ ಇತ್ತು. ತೆರೆದು ನೋಡಿದರೆ ಎರಡೂ ಗೇಜ್ ಬುಧವಾರ ನಾನು ಎಣ್ಣೆ ಕಾಗದದಲ್ಲಿ ಸುತ್ತಿಟ್ಟ ಹಾಗೆಯೇ ಇದ್ದವು. ಉತ್ತಮ್ ಮಾಡಬೇಕೆಂದರೂ ಮಾಡಲು ಸಾಧ್ಯವಿರಲಿಲ್ಲ. ಅವನು ಕಾರ್ಡ್ ಕಟ್ಟದ ಬಂದೂಕನ್ನು ನನ್ನ ಪಾಲಿಗೆ ಬಿಟ್ಟು ಹೋಗಿದ್ದ.

ನಾನು ಡ್ರಾಯರ್‌ಗೆ ಬೀಗ ಹಾಕಿ, ಬೀಗದ ಕೈಯನ್ನು ಗೋಡೆಯ ಮೊಳೆಗೆ ನೇತುಹಾಕಿದೆ. ಯಾವಾಗಲೂ ಅದು ಇರುವ ಜಾಗ ಅದೇ.

ಭಾನುವಾರ ಅಧಿಕಾರಿಯವರು ಕೇಳಿದಾಗ, ಪರೀಕ್ಷೆ ಮುಗಿದಿದೆ ಎಂದು ಉತ್ತಮ್ ಫೋನಿನಲ್ಲಿ ಹೇಳಿದ ಎಂದು ಇಂಗ್ಲಿಷ್‌ನಲ್ಲಿ ಹೇಳಿದೆ. ಒಂದು ಪದದ ಮರೆಯಲ್ಲಿ ನುಣುಚಿಕೊಂಡೆ. ಡ್ರಾಯರ್‌ಗೆ ಬೀಗ ಇತ್ತೆಂದು ಉತ್ತಮ್ ಹೇಳುತ್ತಿದ್ದಾನಲ್ಲ ಎಂದು ಅವರು ಕೇಳಿದರು. ಬೀಗದ ಕೈ ಮೊಳೆಯಲ್ಲೇ ಇತ್ತು ಎಂದೆ. ಅದು ಶುದ್ಧ ಸುಳ್ಳು. ಅವರು ಹೋಗಿ ನೋಡಿದಾಗ ಮೊಳೆಯಲ್ಲೇ ಇತ್ತು. ಸೋಮವಾರ ಉತ್ತಮ್‌ನನ್ನು ಕೆಲಸದಿಂದ ತೆಗೆದರು.

ನಿನ್ನೆ, ಮಂಗಳವಾರ, ಸಂಜೆ 4 ಗಂಟೆಗೆ ಆಸ್ಪತ್ರೆಗೆ ಹೋದೆ. ಸಂಕೇತ್‌ನ ಬಲಗಣ್ಣನ್ನು ತೆಗೆದಿದ್ದಾರೆ. ಅವನು ನನ್ನ ಕೈ ಹಿಡಿದುಕೊಂಡು, “ಆ ಉತ್ತಮ್‌ನ ಸುಮ್ನೆ ಬಿಡ್ಬೇಡಿ ಅಂಕಲ್. ನೀವೇ ನೋಡಿದ್ರೆ ಹಿಂಗಾಗ್ತಿರ್ಲಿಲ್ಲ” ಎಂದ. ನಾನು ಇಪ್ಪತ್ತು ನಿಮಿಷ ಕೂತಿದ್ದೆ. ನಿಜ ಹೇಳದೆಯೇ ಎದ್ದು ಬಂದೆ.

ಇದಕ್ಕೆ ಸಹಿ ಹಾಕಿದರೆ ಕೇಸು ನನ್ನ ಮೇಲೆ ಬರುತ್ತದೆ, ಮೊದಲು ವಕೀಲರನ್ನು ಕಾಣಬಹುದು ಎಂದು ಅಧಿಕಾರಿಯವರು ತಿಳಿಸಿದ್ದಾರೆ. ಬೇಡ ಎಂದಿದ್ದೇನೆ. ನನ್ನ ಹೆಂಡತಿ ರುಕ್ಮಿಣಿ ಹೊರಗೆ ಕಾರಿನಲ್ಲಿ ಕಾಯುತ್ತಿದ್ದಾಳೆ. ಉತ್ತಮ್ ವಿರುದ್ಧ ಇನ್ನಷ್ಟು ವಿವರ ಕೊಡಲು ಬಂದಿದ್ದೇನೆಂದು ಅವಳು ತಿಳಿದಿದ್ದಾಳೆ. ಉತ್ತಮ್‌ನ ಹೆಂಡತಿ ಕನಕ ಮೂರು ದಿನದಿಂದ ಅವಳಿಗೆ ಫೋನ್ ಮಾಡುತ್ತಿದ್ದಾಳೆ. ಇಂಥವರ ಜೊತೆ ಏನು ಮಾತು ಎಂದು ರುಕ್ಮಿಣಿ ನಂಬರ್ ಬ್ಲಾಕ್ ಮಾಡಿದ್ದಾಳೆ. ಇಲ್ಲಿಂದ ಎದ್ದು ಹೋಗಿ ನಾನು ಮೊದಲು ಅವಳಿಗೆ ಹೇಳಬೇಕು.

ಇಷ್ಟನ್ನೂ ನಾನೇ ಹೇಳಿ ಬರೆಸಿದ್ದೇನೆ. ಓದಿಸಿ ಕೇಳಿದ್ದೇನೆ. ಇದು ನಿಜ, ಭಾನುವಾರ ಹೇಳಿದ್ದು ನಿಜವಲ್ಲ.

ಸ್ಥಳ: ಪರ್ತ್
ದಿನಾಂಕ: 18 ಜೂನ್ 2025, ಬೆಳಿಗ್ಗೆ 11 ಗಂಟೆ 35 ನಿಮಿಷ

(ಸಹಿ) ಬಾಲಸುಬ್ರಹ್ಮಣ್ಯ